ಸಹಾಯವಾಣಿಯೋ, ನೇರ ಆಪ್ತಸಮಾಲೋಚನೆಯೋ?

ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಹದಿಹರೆಯದವರಿಗೆ ಹೊರಗಿನ ನೆರವು ಬೇಕೆನಿಸಿದಾಗ ಮನೆಯವರ ಮುಂದೆ ಸಾಮಾನ್ಯವಾಗಿ ಈ ಎರಡು ದಾರಿಗಳಿರುತ್ತವೆ.

2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (14416) ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೂ ದೊರೆಯುತ್ತದೆ. ವೈಕುಂಠ ಸಮಾರಾಧನೆಯ ದಿನ ಬಂಧುಗಳಿಂದ "ಇನ್ನು ಮನೆಗೆ ನೀನೇ ದಿಕ್ಕು, ಅಮ್ಮನ ಮುಂದೆ ಅಳಬೇಡ" ಎಂದು ಹೇಳಿಸಿಕೊಂಡ ಹತ್ತನೇ ತರಗತಿಯ ಹುಡುಗ ಹಗಲೆಲ್ಲ ಗಟ್ಟಿಯಾಗಿದ್ದು, ಎಲ್ಲರೂ ಮಲಗಿದ ಮೇಲೆ ಅಪ್ಪನ ನಂಬರಿಗೆ ಸುಮ್ಮನೆ ಕರೆ ಮಾಡುತ್ತಿದ್ದರೆ, ಆ ಹೊತ್ತಿಗೆ ಒದಗುವುದು ಸಹಾಯವಾಣಿಯೇ. ಆದರೆ ಪ್ರತಿ ಸಲವೂ ಅದೇ ವ್ಯಕ್ತಿ ಸಿಗುವ ಭರವಸೆಯಿಲ್ಲ. ಮಗು ಸೊರಗಿರುವುದು ಫೋನಿನಲ್ಲಿ ಕಾಣುವುದೂ ಇಲ್ಲ.

ನೇರ ಭೇಟಿಗೆ ಪ್ರಯಾಣ, ರಜೆ, ಕೆಲವೆಡೆ ಶುಲ್ಕವೂ ಬೇಕು. ಆದರೂ "ಏನಿಲ್ಲ" ಎಂದಷ್ಟೇ ಹೇಳುವ ಮಕ್ಕಳಿಗೆ ನಾನು ಇದನ್ನೇ ಸೂಚಿಸುತ್ತೇನೆ, ಏಕೆಂದರೆ ವಾರವಾರವೂ ಅದೇ ಮುಖವನ್ನು ಕಂಡಾಗಲೇ ಅವರಲ್ಲಿ ಮಾತು ಹುಟ್ಟುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ಮನೋವೈದ್ಯಕೀಯ ವಿಭಾಗವಿದೆ.

ಮೊದಲ ವಾರಗಳ ಅಳು, ಸಿಟ್ಟು, ನಿದ್ದೆಗೇಡು ರೋಗವಲ್ಲ. ಮನೆಯವರ ಒಡನಾಟದ ಜೊತೆ ಸಹಾಯವಾಣಿ ಸಾಕಾಗಬಹುದು. 6 ತಿಂಗಳು ಕಳೆದರೂ ಹಂಬಲ ತಗ್ಗದೆ, ಓದು ಮತ್ತು ಗೆಳೆತನಗಳು ನಿಂತೇಹೋಗಿದ್ದರೆ ನೇರ ಭೇಟಿಯೇ ಸರಿ. ಸಾಯುವ ಮಾತು ಬಂದರೆ ಮಾತ್ರ ಆಯ್ಕೆಯ ಪ್ರಶ್ನೆಯೇ ಇಲ್ಲ: ಮಗುವನ್ನು ಒಂಟಿಯಾಗಿ ಬಿಡದೆ ತಕ್ಷಣ ಸಹಾಯವಾಣಿಗೆ ಕರೆ ಮಾಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.