ರೇಡಿಯೇಷನ್ ವೇಳೆ ಪೌಷ್ಟಿಕ ಮಾತ್ರೆ, ಪುಡಿಗಳು: ಆಸ್ಪತ್ರೆಯೊಂದರ ಆಹಾರ ಸಲಹಾ ವಿಭಾಗದ ವಿಮರ್ಶೆ
ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಪಡೆಯುತ್ತಿದ್ದ ಚಿಕ್ಕಪ್ಪನವರನ್ನು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಆಹಾರ ಸಲಹಾ ವಿಭಾಗಕ್ಕೆ ಕರೆದೊಯ್ದಿದ್ದೆವು. ಊಟದ ಮಾತು ತೆಗೆಯುವ ಮೊದಲೇ ಅಲ್ಲಿನ ಡಯೆಟಿಷಿಯನ್, ಮನೆಯಲ್ಲಿ ತೆಗೆದುಕೊಳ್ಳುತ್ತಿರುವ ಮಾತ್ರೆ, ಪುಡಿ, ಲೇಹ್ಯಗಳನ್ನೆಲ್ಲ ಮೇಜಿನ ಮೇಲಿಡಲು ಹೇಳಿದರು. ವಿಟಮಿನ್ ಇ ಕ್ಯಾಪ್ಸೂಲ್, ನೆಂಟರು ಕೊಟ್ಟಿದ್ದ ಅರಿಶಿನದ ಸಾರದ ಮಾತ್ರೆ, ‘ಆಂಟಿ ಆಕ್ಸಿಡೆಂಟ್’ ಎಂದು ದಪ್ಪಕ್ಷರದಲ್ಲಿ ಬರೆದಿದ್ದ ಡಬ್ಬಿ, ಇವಿಷ್ಟನ್ನೂ ಪಕ್ಕಕ್ಕೆ ಸರಿಸಿ, ಚಿಕಿತ್ಸೆ ಮುಗಿಯುವವರೆಗೆ ಬೇಡವೆಂದರು.

ವಿಕಿರಣವು ಗಡ್ಡೆಯ ಜೀವಕೋಶಗಳನ್ನು ಕೊಲ್ಲುವುದು ಬಹುಮಟ್ಟಿಗೆ ಫ್ರೀ ರಾಡಿಕಲ್‌ಗಳೆಂಬ, ಜೀವಕೋಶಕ್ಕೆ ಹಾನಿ ಮಾಡುವ ಚುರುಕಾದ ಕಣಗಳ ಮೂಲಕ. ಅವನ್ನು ತಟಸ್ಥಗೊಳಿಸುವುದೇ ಆಂಟಿ ಆಕ್ಸಿಡೆಂಟ್‌ಗಳ ಕೆಲಸವಾದ್ದರಿಂದ, ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದರೆ ಗಡ್ಡೆಗೂ ರಕ್ಷಣೆ ದೊರೆತೀತೆಂಬ ಆತಂಕವಿದೆ. ಕೆನಡಾದ ಕ್ವಿಬೆಕ್‌ನಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರಿನ 540 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಟಮಿನ್ ಇ ಜೊತೆಗೆ ಬೀಟಾ ಕ್ಯಾರೊಟಿನ್ ಪಡೆದವರಿಗೆ ಅಡ್ಡಪರಿಣಾಮಗಳ ತೀವ್ರತೆ ತಗ್ಗಿತ್ತಾದರೂ ರೋಗ ಅದೇ ಜಾಗದಲ್ಲಿ ಮರುಕಳಿಸುವುದು ಹೆಚ್ಚುವ ಸೂಚನೆ ಕಂಡಿತ್ತು. ಹಣ್ಣು, ತರಕಾರಿಗಾಗಲಿ ಸಾರಿಗೆ ಹಾಕುವ ಅರಿಶಿನಕ್ಕಾಗಲಿ ಈ ನಿರ್ಬಂಧವಿಲ್ಲ.

ಪ್ರೋಟೀನ್ ಪುಡಿಗೆ ಅವರು ಒಪ್ಪಿದರು, ಆದರೆ ಮೂತ್ರಪಿಂಡಕ್ಕೆ ಹಾನಿ ಮಾಡಬಹುದಾದ ಸಿಸ್‌ಪ್ಲಾಟಿನ್ ಎಂಬ ಔಷಧಿಯ ಕೀಮೋ ಕೂಡ ನಡೆಯುತ್ತಿದ್ದುದರಿಂದ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿಯನ್ನು ನೋಡಿದ ನಂತರವೇ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್ ಎಂಬ ಲೆಕ್ಕದಲ್ಲಿ, ಊಟದಿಂದ ಬರುವುದನ್ನು ಕಳೆದು ಉಳಿದಷ್ಟಕ್ಕೆ ಮಾತ್ರ ಪುಡಿ ಬರೆದರು. ಸಕ್ಕರೆ ಕಾಯಿಲೆಯಿರುವುದರಿಂದ ಡಬ್ಬಿಯ ಹಿಂಬದಿಯಲ್ಲಿ ಸಕ್ಕರೆಯ ಪ್ರಮಾಣ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದರು. ತೂಕ ಇಳಿದರೆ, ರೇಡಿಯೇಷನ್ ವೇಳೆ ತಲೆ ಅಲುಗದಂತೆ ಮುಖಕ್ಕೆ ಬಿಗಿಯುವ ಮಾಸ್ಕ್ ಸಡಿಲವಾಗಿ ಚಿಕಿತ್ಸೆಯ ಪ್ಲ್ಯಾನನ್ನೇ ಹೊಸದಾಗಿ ಮಾಡಬೇಕಾಗಬಹುದೆಂಬ ಮಾತು, ಊಟ ಬೇಡವೆಂದು ಹಟ ಮಾಡುತ್ತಿದ್ದ ಚಿಕ್ಕಪ್ಪನವರಿಗೆ ನಮ್ಮೆಲ್ಲರ ಒತ್ತಾಯಕ್ಕಿಂತ ಚೆನ್ನಾಗಿ ನಾಟಿತು.

ಕೊರತೆಗಳೂ ಇವೆ. ಬಾಯಿಹುಣ್ಣು ಕಾಣಿಸಿಕೊಂಡ ಮೇಲಷ್ಟೇ ಇಲ್ಲಿಗೆ ಕಳುಹಿಸಿದರು; ಮೊದಲ ದಿನವೇ ಕಳುಹಿಸಬೇಕಿತ್ತು. ಕೆಳಮಹಡಿಯ ಮೆಡಿಕಲ್ ಶಾಪಿನವರಿಗೆ ಇಲ್ಲಿ ಹೇಳಿದ್ದು ತಿಳಿದಂತಿಲ್ಲ: ಬೇಡವೆಂದ ಆಂಟಿ ಆಕ್ಸಿಡೆಂಟ್ ಮಾತ್ರೆಯನ್ನೇ ‘ಶಕ್ತಿಗೆ ಒಳ್ಳೆಯದು’ ಎಂದು ಮುಂದಿಟ್ಟರು. ಅಚ್ಚಾದ ಪಟ್ಟಿ ಪೂರ್ತಿ ಇಂಗ್ಲಿಷಿನಲ್ಲಿದ್ದು, ಓಟ್ಸ್, ಬ್ರೊಕೊಲಿಗಳಿಂದ ತುಂಬಿತ್ತು. ಕೇಳಿದ ಮೇಲೆ ಬೇಸರಿಸದೆ ರಾಗಿ ಗಂಜಿ, ಹೆಸರುಬೇಳೆ ತೊವ್ವೆ, ಹುಳಿಯಿಲ್ಲದ ಮಜ್ಜಿಗೆಯನ್ನು ಕನ್ನಡದಲ್ಲೇ ಕೈಬರಹದಲ್ಲಿ ಸೇರಿಸಿಕೊಟ್ಟರು. ಮರುಭೇಟಿಗೆ ಪ್ರತ್ಯೇಕ ಶುಲ್ಕವಿಲ್ಲ. ಹೋಗುವವರು ಡಬ್ಬಿಗಳನ್ನೂ ಇತ್ತೀಚಿನ ರಕ್ತಪರೀಕ್ಷೆಯ ವರದಿಯನ್ನೂ ಜೊತೆಗೊಯ್ಯಬೇಕು.