ಒಂದೇ ಕುಂಡ ಇದ್ದರೆ: ದೊಡ್ಡಪತ್ರೆಯೋ, ಒಂದೆಲಗವೋ?

ಬಾಲ್ಕನಿಯಲ್ಲಿ ಒಂದೇ ಕುಂಡಕ್ಕೆ ಜಾಗ ಇದೆ ಅಂದರೆ ನಾನು ದೊಡ್ಡಪತ್ರೆಯನ್ನೇ ಹೇಳುತ್ತೇನೆ. ಗೇಣುದ್ದದ ಕಡ್ಡಿ ಮುರಿದು ನೆಟ್ಟರೆ ಸಾಕು, ಚಿಗುರುತ್ತದೆ. ಎರಡು ದಿನ ನೀರು ಮರೆತರೂ ಸಾಯುವುದಿಲ್ಲ. ದಪ್ಪ ಎಲೆಯ ಮೇಲೆ ಸಣ್ಣ ರೋಮ, ಬೆರಳಲ್ಲಿ ಉಜ್ಜಿದರೆ ಓಮದ ಘಾಟು. ಓಮದಲ್ಲಿರುವ ಥೈಮಾಲ್ ಅನ್ನುವ ಘಾಟಿನ ಅಂಶ ಇದರಲ್ಲೂ ಇದೆ. ಶೀತ, ಕೆಮ್ಮು ಬಂದಾಗ ನಮ್ಮ ಮನೆಯಲ್ಲಿ ಎಲೆಯನ್ನು ಕಾವಲಿ ಮೇಲೆ ಬಾಡಿಸಿ, ರಸ ಹಿಂಡಿ, ಜೇನು ಬೆರೆಸಿ ಕೊಡುತ್ತೇವೆ. ಗಂಟಲಿಗೆ ಹಿತ. 1 ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ಬೇಡವೇ ಬೇಡ.

ಒಂದೆಲಗಕ್ಕೆ ಉಪಚಾರ ಜಾಸ್ತಿ. ಅದು ಗದ್ದೆ ಬದುವಿನಲ್ಲಿ ಹಬ್ಬುವ ಗಿಡ, ಮಣ್ಣು ಸದಾ ಒದ್ದೆ ಇರಬೇಕು. ಅಗಲ ಕುಂಡ, ಅರೆ ನೆರಳು ಸಿಕ್ಕರೆ ಹಬ್ಬುತ್ತದೆ. ಆದರೆ ತಂಬುಳಿಯ ರುಚಿಯಲ್ಲಿ ಇದೇ ಮೇಲು. ಎಲೆ, ಕಾಯಿತುರಿ, ಜೀರಿಗೆ, ಕಾಳುಮೆಣಸು ರುಬ್ಬಿ ಮಜ್ಜಿಗೆಗೆ ಕಲಸಿದರೆ ಬೇಸಿಗೆಯ ಊಟಕ್ಕೆ ಇನ್ನೇನು ಬೇಕು, ಅಲ್ವಾ? ನೆನಪಿನ ಶಕ್ತಿ ಹೆಚ್ಚುತ್ತದೆ ಅನ್ನುವ ನಂಬಿಕೆ ಹಳೆಯದು, ಪರೀಕ್ಷೆಗೆ ಅದನ್ನೇ ನೆಚ್ಚಿಕೊಳ್ಳಬೇಡಿ. ಇದರ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವುದು ಬೇರೆಯೇ ವಿಷಯ. ಲಿವರ್ ತೊಂದರೆ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಸುಮ್ನೆ ಶುರು ಮಾಡಬೇಡಿ.