ಅರೇಬಿಕಾದ ಎರಡು ವಂಶವೃಕ್ಷ: ಫಿಗ್‌ಟ್ರೀಯೋ, ಡೆಂಡ್ರೋಸ್ಕೋಪೋ?

ಮದುವೆ ಮಾತು ಬಂದರೆ ಕೊಡಗಲ್ಲಿ ಮೊದಲು ಒಕ್ಕ (ಮನೆತನ) ಯಾವುದು ಅಂತ ಕೇಳ್ತಾರೆ. ತೋಟದ ಅರೇಬಿಕಾ ಕಾಫಿಗೂ ಅದೇ ಪ್ರಶ್ನೆ ಕೇಳಿದರೆ ಉತ್ತರ ಮಜವಾಗಿದೆ. ಅಪ್ಪನ ಕಡೆ ನಮ್ಮ ರೊಬಸ್ಟಾ. ತಾಯಿ ಕಡೆ ಯುಜಿನಿಯಾಯ್ಡಿಸ್ ಅನ್ನುವ ಆಫ್ರಿಕಾದ ಕಾಡು ಕಾಫಿ. ಅವೆರಡರಲ್ಲೂ 22 ಕ್ರೋಮೋಸೋಮ್, ಅರೇಬಿಕಾದಲ್ಲಿ 44.

ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್ ತಾಯಿಯಿಂದ ಬರುತ್ತದೆ. ಅದರ ಡಿಎನ್‌ಎಯಿಂದ ವಂಶವೃಕ್ಷದ ಮರ ಕಟ್ಟಿದರೆ ಅರೇಬಿಕಾ ಹೋಗಿ ಯುಜಿನಿಯಾಯ್ಡಿಸ್ ಪಕ್ಕ ಕೂರುತ್ತದೆ. ನ್ಯೂಕ್ಲಿಯಸ್‌ನ ಜೀನ್‌ನಲ್ಲಿ ಎರಡೂ ಕಡೆಯ ಪ್ರತಿ ಇರುತ್ತದೆ. ನಾನು ಅಪ್ಪನ ಕಡೆಯದನ್ನು ಆರಿಸಿದ್ದೆ, ಅಲ್ಲಿ ರೊಬಸ್ಟಾ ಪಕ್ಕ. ಈ ಎರಡು ಮರ ಅಕ್ಕಪಕ್ಕ ಇಟ್ಟು ನೋಡಬೇಕಿತ್ತು. ಜುಲೈ ಮಳೆ, ಕರೆಂಟ್ ಇದ್ದರೆ ನೆಟ್ ಇಲ್ಲ. ಹಾಗಾಗಿ ಲ್ಯಾಪ್‌ಟಾಪಲ್ಲೇ ಓಡುವ ಪುಕ್ಕಟೆ ಸಾಫ್ಟ್‌ವೇರ್ ಬೇಕಿತ್ತು.

ಮೊದಲು ಫಿಗ್‌ಟ್ರೀ. ಎಡಿನ್‌ಬರೋದ ಆಂಡ್ರ್ಯೂ ರ‍್ಯಾಂಬೋ ಬರೆದದ್ದು. ಜಾವಾ ಇದ್ದರೆ ಸಾಕು, ಹಳೇ ಲ್ಯಾಪ್‌ಟಾಪಲ್ಲೂ ಆರಾಮವಾಗಿ ಓಡುತ್ತದೆ. ಕೊಂಬೆ ಆರಿಸು, ಬಣ್ಣ ಹಚ್ಚು, ಬೇರು ಬೇರೆ ಕಡೆ ಇಡು, ಪಿಡಿಎಫ್ ತೆಗೆ. ಅಷ್ಟೇ. ಚಿತ್ರ ಅಂದರೆ ಚಿತ್ರ! ಆದರೆ ಹೋಲಿಸೋದಕ್ಕೆ ಏನೂ ಇಲ್ಲ. ಒಂದೇ ಫೈಲಲ್ಲಿ ಹತ್ತು ಮರ ಇದ್ದರೂ ಬಾಣ ಒತ್ತಿ ಒಂದೊಂದಾಗಿ ನೋಡಬೇಕು. ನಾನು ಎರಡು ಕಿಟಕಿ ತೆರೆದು, ಕತ್ತು ಆ ಕಡೆ ಈ ಕಡೆ ತಿರುಗಿಸಿ ಸುಸ್ತಾದೆ.

ಡೆಂಡ್ರೋಸ್ಕೋಪ್ ಜರ್ಮನಿಯ ಟ್ಯುಬಿಂಗೆನ್‌ನ ಡೇನಿಯಲ್ ಹ್ಯೂಸನ್ ತಂಡದ್ದು. ನೋಡೋಕೆ ಅಷ್ಟೇನೂ ಚಂದ ಇಲ್ಲ, ಮೆನು ತುಂಬಾ ಉದ್ದ. ಆದರೆ ಒಂದೇ ಕಿಟಕಿಯಲ್ಲಿ ಹಲವು ಮರ ಜೋಡಿಸಿಡುತ್ತದೆ. ಅದರಲ್ಲಿ ಟ್ಯಾಂಗಲ್‌ಗ್ರಾಮ್ ಅಂತ ಒಂದಿದೆ, ಅದಕ್ಕೇ ನಾನು ಮರುಳಾದದ್ದು. ಎರಡು ಮರ ಎದುರುಬದುರು ನಿಲ್ಲಿಸಿ, ಒಂದೇ ಹೆಸರಿನವನ್ನು ಗೆರೆಯಿಂದ ಸೇರಿಸುತ್ತದೆ. ಗೆರೆಗಳು ಆದಷ್ಟು ಕಡಿಮೆ ಅಡ್ಡ ಬರುವ ಹಾಗೆ ಕೊಂಬೆಗಳನ್ನೂ ತಾನೇ ತಿರುಗಿಸಿಕೊಳ್ಳುತ್ತದೆ. ಮಿಕ್ಕ ಜಾತಿಗಳೆಲ್ಲ ಹೆಚ್ಚುಕಮ್ಮಿ ನೇರ ಹೋದವು, ಅರೇಬಿಕಾದ ಗೆರೆ ಮಾತ್ರ ಎಲ್ಲರನ್ನೂ ದಾಟಿ ಓರೆಯಾಗಿ ಬಂತು. ಅಪ್ಪ ಬಗ್ಗಿ ನೋಡಿ, "ಮೆಣಸಿನ ಬಳ್ಳಿ ಮರ ಬಿಟ್ಟು ಮರಕ್ಕೆ ಹಬ್ಬಿದ ಹಾಗಿದೆಯಲ್ಲ" ಅಂದರು. ಹೋಲಿಕೆ ಸರಿಯಾಗೇ ಇತ್ತು, ಅಲ್ವಾ? ಎರಡು ಮರ ಬೆಸೆದು ಕೂಡುತಳಿಯ (ಹೈಬ್ರಿಡ್) ಜಾಲ ಬರೆಯುವ ವಿಧಾನವೂ ಇದರಲ್ಲಿದೆ, ಅರೇಬಿಕಾದಂಥ ಕಥೆಗೆ ಹೇಳಿ ಮಾಡಿಸಿದ್ದು.

ಒಂದು ತಾಪತ್ರಯ ನನ್ನಿಂದಲೇ ಆಯಿತು. ಒಂದು ಫೈಲಲ್ಲಿ ಕೆನೆಫೊರಾ, ಇನ್ನೊಂದರಲ್ಲಿ ರೊಬಸ್ಟಾ ಅಂತ ಬರೆದಿದ್ದೆ. ಎರಡೂ ಒಂದೇ ಗಿಡ ಅಂತ ಸಾಫ್ಟ್‌ವೇರಿಗೆ ಹೇಗೆ ಗೊತ್ತಾಗಬೇಕು? ಹೆಸರು ಅಕ್ಷರ ಬಿಡದೆ ಒಂದೇ ಇರಲಿ. ಮರವನ್ನು ಬರೀ ಕಂಸಗಳಲ್ಲಿ ಬರೆದಿಡುವ ನ್ಯೂಯಿಕ್ ಫೈಲು ಆದ್ದರಿಂದ ನೋಟ್‌ಪ್ಯಾಡಲ್ಲೇ ತಿದ್ದಬಹುದು. ಅಂದ ಹಾಗೆ, ನ್ಯೂಯಿಕ್ ಅನ್ನೋ ಹೆಸರು ಅಮೆರಿಕದ ಡೋವರ್‌ನ ಒಂದು ಹೋಟೆಲಿನದು. 1986ರಲ್ಲಿ ವಿಜ್ಞಾನಿಗಳು ಅಲ್ಲಿ ಊಟಕ್ಕೆ ಕೂತು ಈ ಬರಹವನ್ನು ಒಪ್ಪಿಕೊಂಡರಂತೆ.

ಮೆಗಾ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಕೂಡ ಹಾಕಿ ನೋಡಿದೆ. ಮರ ಕಟ್ಟೋಕೆ ಒಳ್ಳೇದು, ಬರೀ ನೋಡೋಕೆ ಜಾಸ್ತಿ ಆಯಿತು.

ಈಗ ಹೋಲಿಸೋದು ಡೆಂಡ್ರೋಸ್ಕೋಪಲ್ಲಿ, ಪ್ರಿಂಟ್ ತೆಗೆಯೋದು ಫಿಗ್‌ಟ್ರೀಯಲ್ಲಿ. ಬೇರು ಬದಲಿಸಿದ ಮೇಲೆ, ಒಂದೊಂದು ಕವಲನ್ನು ಎಷ್ಟು ನಂಬಬಹುದು ಅಂತ ಹೇಳುವ ಬೂಟ್‌ಸ್ಟ್ರಾಪ್ ಅಂಕಿಗಳು ಸರಿಯಾದ ಕೊಂಬೆಯಲ್ಲೇ ಇವೆಯಾ ಅಂತ ಮಾತ್ರ ಎರಡರಲ್ಲೂ ಒಮ್ಮೆ ನೋಡಿಕೊಳ್ಳುತ್ತೇನೆ.